ಚಿಪ್ಪುಗಲ್ಲಿನ ಕೋಟೆ ಸೋಲದೆ ಉಳಿದದ್ದು ಹೇಗೆ?

ಪ್ರಶ್ನೆ: ಕೆಲಸದ ನಿಮಿತ್ತ ನಾವು ಅಮೆರಿಕದ ಫ್ಲೋರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿದ್ದೇವೆ. ಕಳೆದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಸೇಂಟ್ ಆಗಸ್ಟೀನ್ ಊರಿನಲ್ಲಿರುವ ಸ್ಪೇನಿನವರ ಕಡಲ ಕೋಟೆ, ಕಾಸ್ಟಿಯೊ ದೆ ಸಾನ್ ಮಾರ್ಕೋಸ್, ನೋಡಿ ಬಂದೆವು. ಚಿಪ್ಪಿನ ಕಲ್ಲಿನಿಂದ ಕಟ್ಟಿದ ಆ ಗೋಡೆಗಳು ಫಿರಂಗಿ ಗುಂಡುಗಳನ್ನು ನುಂಗಿಬಿಟ್ಟವು, ಅದರಿಂದಲೇ ಯಾರಿಗೂ ಕೋಟೆಯನ್ನು ಗೆಲ್ಲಲಾಗಲಿಲ್ಲ ಎಂದು ಅಲ್ಲಿ ಕೇಳಿದೆವು. ಇದು ಎಷ್ಟು ನಿಜ? ಯಾರೂ ಗೆಲ್ಲದ ಕೋಟೆಯ ಮೇಲೆ ಅಷ್ಟೊಂದು ಬಾವುಟಗಳು ಹಾರಿದ್ದು ಹೇಗೆ? ಅದನ್ನು ಕಟ್ಟಿದವರು ಯಾರು? ಇನ್ನೊಮ್ಮೆ ಹೋದರೆ ಯಾವುದನ್ನು ಗಮನಿಸಿ ನೋಡಬೇಕು?

ಉತ್ತರ: ನೀವು ಕೇಳಿ ಬಂದ ಮಾತಿನಲ್ಲಿ ಎರಡು ಸಂಗತಿಗಳಿವೆ. ಕಲ್ಲು ಗುಂಡುಗಳನ್ನು ನುಂಗಿತು ಎಂಬುದು ಒಂದು. ಕೋಟೆಯನ್ನು ಯಾರೂ ಬಲದಿಂದ ಗೆಲ್ಲಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಮೊದಲನೆಯದೊಂದೇ ಎರಡನೆಯದಕ್ಕೆ ಕಾರಣ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. 1702 ಮತ್ತು 1740ರ ಎರಡು ದೊಡ್ಡ ಮುತ್ತಿಗೆಗಳ ವಿವರಗಳನ್ನು ಜೊತೆಯಾಗಿಟ್ಟು ನೋಡಿದರೆ, ಒಳಗಿದ್ದವರನ್ನು ಕಾಡಿದ್ದು ಗೋಡೆ ಬಿದ್ದೀತೆಂಬ ಚಿಂತೆಗಿಂತ ಉಗ್ರಾಣ ಬರಿದಾದೀತೆಂಬ ಚಿಂತೆ, ಮತ್ತು ಎರಡೂ ಸಲ ಅವರ ಜೀವ ಉಳಿಸಿದ್ದು ಕ್ಯೂಬಾದ ಹವಾನಾದಿಂದ ಕಡಲ ಮೇಲೆ ಬಂದ ನೆರವು ಎಂಬುದು ಸ್ಪಷ್ಟವಾಗುತ್ತದೆ. ಕಲ್ಲು ಮಾಡಿದ್ದು ಆ ನೆರವು ಬರುವ ತನಕ ಕಾಲಾವಕಾಶ ಒದಗಿಸುವ ಕೆಲಸ. ಅದು ಸಣ್ಣ ಕೆಲಸವೇನೂ ಅಲ್ಲ. ಆದರೆ ಎಲ್ಲ ಕೀರ್ತಿಯನ್ನೂ ಕಲ್ಲಿಗೆ ಕೊಟ್ಟರೆ ಆ ಕಲ್ಲನ್ನು ಕಡಿದವರೂ, ಹೊತ್ತವರೂ, ಹೊರಗೆ ನಿಂತು ಕಾದಾಡಿದವರೂ ಕಥೆಯಿಂದ ಮರೆಯಾಗುತ್ತಾರೆ.

ಇಂಥ ಜಾಗದಲ್ಲಿ ಸ್ಪೇನಿಗೆ ಕೋಟೆ ಏಕೆ ಬೇಕಾಯಿತು ಎಂಬಲ್ಲಿಂದ ಆರಂಭಿಸೋಣ. ಫ್ಲೋರಿಡಾದಲ್ಲಿ ಬೆಳ್ಳಿಯ ಗಣಿಗಳಿರಲಿಲ್ಲ, ಹೇಳಿಕೊಳ್ಳುವಂಥ ಬೆಳೆಯೂ ಇರಲಿಲ್ಲ. ಆದರೆ ಮೆಕ್ಸಿಕೊ ಮತ್ತು ಪೆರುವಿನ ಸಂಪತ್ತನ್ನು ಹೊತ್ತು ಹವಾನಾದಿಂದ ಸ್ಪೇನಿಗೆ ಹೊರಡುತ್ತಿದ್ದ ಹಡಗುಗಳು ಗಲ್ಫ್ ಪ್ರವಾಹದ ಸೆಳೆತವನ್ನು ಹಿಡಿದು, ಫ್ಲೋರಿಡಾಕ್ಕೂ ಬಹಾಮಾ ದ್ವೀಪಗಳಿಗೂ ನಡುವಿನ ಜಲಸಂಧಿಯಲ್ಲಿ ಉತ್ತರಕ್ಕೆ ಸಾಗಿ, ಆಮೇಲೆ ಪೂರ್ವಕ್ಕೆ ತಿರುಗುತ್ತಿದ್ದವು. ಆ ತೀರದಲ್ಲಿ ಶತ್ರು ನೆಲೆಯೂರಿದರೆ ಖಜಾನೆಯ ಹಾದಿಯೇ ಅವನ ಕೈಗೆ ಸಿಕ್ಕಿದಂತೆ. 1564ರಲ್ಲಿ ಫ್ರೆಂಚರು ನೀವು ಈಗ ವಾಸಿಸುವ ಜಾಕ್ಸನ್‌ವಿಲ್‌ನ ಬಳಿಯೇ, ಸೇಂಟ್ ಜಾನ್ಸ್ ನದಿಯ ದಡದಲ್ಲಿ, ಫೋರ್ಟ್ ಕ್ಯಾರೊಲಿನ್ ಎಂಬ ಕೋಟೆಯನ್ನು ಕಟ್ಟಿಕೊಂಡಾಗ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಸುಮ್ಮನಿರಲಿಲ್ಲ. ಅವನು ಕಳುಹಿಸಿದ ಪೆದ್ರೊ ಮೆನೆಂದೆಸ್ ದೆ ಆವಿಲೆಸ್ 1565ರ ಸೆಪ್ಟೆಂಬರ್ 8ರಂದು ಸೇಂಟ್ ಆಗಸ್ಟೀನ್‌ನಲ್ಲಿ ನೆಲೆಯೂರಿದನು. ಅದೇ ತಿಂಗಳು ಭೂಮಾರ್ಗವಾಗಿ ಹೋಗಿ ಫ್ರೆಂಚ್ ಕೋಟೆಯನ್ನು ಹಿಡಿದನು. ಬಿರುಗಾಳಿಗೆ ಸಿಕ್ಕಿ ದಕ್ಷಿಣದ ತೀರಕ್ಕೆ ಬಂದು ಬಿದ್ದ ಫ್ರೆಂಚರ ನಾಯಕ ಜಾನ್ ರಿಬೊ ಮತ್ತು ಅವನ ಕಡೆಯವರು ಶರಣಾದ ಮೇಲೂ, ಕೆಲವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೊಲ್ಲಿಸಿದನು. ಅಲ್ಲಿನ ಅಳಿವೆಗೆ ‘ಮತಾನ್ಸಾಸ್’, ಅಂದರೆ ಕೊಲೆಗಳು, ಎಂಬ ಹೆಸರು ಇಂದಿಗೂ ಉಳಿದಿದೆ.

ಆಮೇಲಿನ ಒಂದು ಶತಮಾನ ಈ ಊರನ್ನು ಕಾದದ್ದು ಮರದ ಕೋಟೆಗಳು, ಒಂದಾದ ಮೇಲೊಂದರಂತೆ ಒಂಬತ್ತು. ಉಪ್ಪುಗಾಳಿ, ಗೆದ್ದಲು, ಬಿರುಮಳೆಗಳ ನಡುವೆ ಮರ ಬಹುಕಾಲ ನಿಲ್ಲುತ್ತಿರಲಿಲ್ಲ. ಬೆಂಕಿಗಂತೂ ಅದು ಸುಲಭದ ತುತ್ತು. 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಬಂದು ಊರನ್ನೂ ಕೋಟೆಯನ್ನೂ ಸುಟ್ಟುಹೋದನು. ಕಲ್ಲು ಇರಲಿಲ್ಲವೆಂದು ಮರದಲ್ಲಿ ಕಟ್ಟಿದರು ಎಂದು ಭಾವಿಸಬೇಡಿ. ಕೊಲ್ಲಿಯ ಆಚೆಗಿನ ಅನಸ್ತಾಸಿಯಾ ದ್ವೀಪದಲ್ಲಿ ಕಟ್ಟಡಕ್ಕಾಗುವ ಕಲ್ಲು ಇದೆಯೆಂಬುದು 1580ರ ಹೊತ್ತಿಗೇ ತಿಳಿದಿತ್ತು. ಇಲ್ಲದೆ ಇದ್ದದ್ದು ಹಣ, ಮತ್ತು ಕಲ್ಲು ಕಡಿಯುವ ಕೈಗಳು. ಸೈನಿಕರ ಸಂಬಳದಿಂದ ಹಿಡಿದು ಹಿಟ್ಟಿನವರೆಗೆ ಎಲ್ಲಕ್ಕೂ ಈ ಊರು ಮೆಕ್ಸಿಕೊದ ಖಜಾನೆಯಿಂದ ಬರುವ ವಾರ್ಷಿಕ ಮೊತ್ತವನ್ನು ನೆಚ್ಚಿಕೊಂಡಿತ್ತು. ಆ ಮೊತ್ತ ಎಷ್ಟೋ ಸಲ ತಡವಾಗಿ ಬರುತ್ತಿತ್ತು, ಕೆಲವೊಮ್ಮೆ ದಾರಿಯಲ್ಲಿ ಕಡಲುಗಳ್ಳರ ಪಾಲಾಗುತ್ತಿತ್ತು.

ಪರಿಸ್ಥಿತಿ ಬದಲಾದದ್ದು 1668ರ ಮೇ ತಿಂಗಳ ಒಂದು ರಾತ್ರಿ. ರಾಬರ್ಟ್ ಸರ್ಲ್ ಎಂಬ ಇಂಗ್ಲಿಷ್ ಕಡಲುಗಳ್ಳನು ಊರಿಗೆ ಸಾಮಾನು ತರುತ್ತಿದ್ದ ಸ್ಪೇನಿನ ಹಡಗನ್ನೇ ಹಿಡಿದು, ಅದರಲ್ಲಿಯೇ ಅಡಗಿ ಅಳಿವೆಯೊಳಗೆ ಬಂದನು. ಊರು ಕಾದಿದ್ದ ಹಡಗು ಬಂತೆಂದು ಜನ ನೆಮ್ಮದಿಯಾಗಿ ಮಲಗಿದ್ದಾಗ ದಾಳಿ ನಡೆಯಿತು; ಸುಮಾರು 60 ಮಂದಿ ಬೀದಿಗಳಲ್ಲಿ ಹತರಾದರು. ಮರದ ಕೋಟೆ ಹೇಗೋ ಕೈತಪ್ಪದೆ ಉಳಿಯಿತು. ಆದರೆ ಹೊರಡುವ ಮುನ್ನ ಆ ಕಳ್ಳರು ಅಳಿವೆಯ ಆಳವನ್ನು ಅಳೆದುಕೊಂಡು ಹೋದರು. ಅಂದರೆ ಮುಂದಿನ ಸಲ ನೆಲೆಯೂರಲೆಂದೇ ಬರುತ್ತಾರೆ ಎಂದು ಊರಿನವರು ಅರ್ಥಮಾಡಿಕೊಂಡರು. ಎರಡು ವರ್ಷದಲ್ಲಿ, 1670ರಲ್ಲಿ, ಇಂಗ್ಲಿಷರು ಉತ್ತರದ ತಮ್ಮ ಕ್ಯಾರೊಲೈನಾ ವಸಾಹತಿನಲ್ಲಿ ಚಾರ್ಲ್ಸ್ ಟೌನ್ (ಇಂದಿನ ಚಾರ್ಲ್ಸ್‌ಟನ್) ಸ್ಥಾಪಿಸಿದ್ದು ಆ ಭಯವನ್ನು ಗಟ್ಟಿಮಾಡಿತು. ಬಾಲರಾಜನ ಪರವಾಗಿ ಆಳುತ್ತಿದ್ದ ರಾಣಿ ಮರಿಯಾನಾ ಕಲ್ಲಿನ ಕೋಟೆಗೆ ಹಣ ಬಿಡುಗಡೆ ಮಾಡುವಂತೆ ಆಜ್ಞಾಪಿಸಿದಳು. ಹೊಸ ಗವರ್ನರ್ ಮಾನುಯೆಲ್ ದೆ ಸೆಂದೊಯಾ ಮೆಕ್ಸಿಕೊಗೆ ಹೋಗಿ ವೈಸರಾಯ್‌ನ ಬಳಿ ಹಣಕ್ಕಾಗಿ ವಾದಿಸಿ, ಹವಾನಾದಿಂದ ಇಗ್ನಾಸಿಯೊ ದಾಸಾ ಎಂಬ ಎಂಜಿನಿಯರನನ್ನೂ ಕಲ್ಲುಕುಟಿಗರನ್ನೂ ಸುಣ್ಣ ಸುಡುವವರನ್ನೂ ಕರೆಸಿಕೊಂಡನು. 1672ರ ಅಕ್ಟೋಬರ್ 2ರಂದು ಪಾಯದ ಮೊದಲ ಗುದ್ದಲಿ ಬಿತ್ತು. ನವೆಂಬರ್ 9ರಂದು ಮೊದಲ ಕಲ್ಲನ್ನು ಇಡಲಾಯಿತು. ಮರುವರ್ಷ ಮುಗಿಯುವುದರೊಳಗೆ ಸೆಂದೊಯಾ ಮತ್ತು ದಾಸಾ ಇಬ್ಬರೂ ತೀರಿಕೊಂಡಿದ್ದರು. ಕೋಟೆ ಒಂದು ರೂಪಕ್ಕೆ ಬಂದದ್ದು 1695ರಲ್ಲಿ, 23 ವರ್ಷಗಳ ಬಳಿಕ. ಖರ್ಚು ಮೊದಲಿನ ಅಂದಾಜುಗಳನ್ನೆಲ್ಲ ದಾಟಿ ಸುಮಾರು 1,38,000 ಪೆಸೊ ತಲುಪಿತ್ತು.

ಈಗ ಕಲ್ಲಿನ ವಿಚಾರ. ಅದರ ಹೆಸರು ಕೊಕಿನಾ. ‘ಡೊನಾಕ್ಸ್’ ಎಂಬ ಜಾತಿಯ, ಬೆರಳುಗುರಿಗಿಂತ ದೊಡ್ಡದಿರದ ಕಪ್ಪೆಚಿಪ್ಪುಗಳು ಸಾವಿರಾರು ವರ್ಷ ತೀರದಲ್ಲಿ ರಾಶಿಬಿದ್ದು, ಅವುಗಳ ಮೇಲೆ ಇಂಗುವ ಮಳೆನೀರು ಸುಣ್ಣದ ಅಂಶವನ್ನು ಕರಗಿಸಿ ಮತ್ತೆ ಚಿಪ್ಪುಗಳ ನಡುವೆಯೇ ಹೆಪ್ಪುಗಟ್ಟಿಸಿದ್ದರಿಂದ ಉಂಟಾದ ಕಲ್ಲು ಇದು. ನಮ್ಮ ಕರಾವಳಿಯವರಿಗೆ ಮುರಕಲ್ಲಿನ ಪರಿಚಯವಿರುವುದರಿಂದ ಇದರ ಗುಣವನ್ನು ವಿವರಿಸುವುದು ಸುಲಭ: ನೆಲದೊಳಗೆ ಒದ್ದೆಯಾಗಿರುವಾಗ ಕೊಡಲಿಗೂ ಹಾರೆಗೂ ಮಣಿಯುವಷ್ಟು ಮೆತ್ತಗಿದ್ದು, ಕಡಿದು ಗಾಳಿಬಿಸಿಲಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಮುರಕಲ್ಲಿನಲ್ಲಿ ಆ ಕೆಲಸ ಮಾಡುವುದು ಕಬ್ಬಿಣದ ಅಂಶ, ಇಲ್ಲಿ ಸುಣ್ಣ. ಅನಸ್ತಾಸಿಯಾ ದ್ವೀಪದ ಕುರುಚಲು ಕಾಡನ್ನು ಸವರಿ, ಮೇಲಿನ ಮರಳನ್ನು ತೆಗೆದು, ಕಲ್ಲಿನ ಹಾಸಿನಲ್ಲಿ ಕೊಡಲಿಯಿಂದ ಗೀರು ತೋಡಿ, ಹಾರೆ ಮತ್ತು ಬೆಣೆಗಳಿಂದ ಎಬ್ಬಿಸುತ್ತಿದ್ದರು. ಎತ್ತಿನ ಬಂಡಿಗಳು ಅದನ್ನು ತೊರೆಯವರೆಗೆ ಎಳೆದೊಯ್ಯುತ್ತಿದ್ದವು. ಅಲ್ಲಿಂದ ತೆಪ್ಪಗಳ ಮೇಲೆ ಕೊಲ್ಲಿ ದಾಟಬೇಕು. ದಡದಲ್ಲಿ ಒಣಗಿದ ಕಲ್ಲನ್ನು ಕುಟಿಗರು ಅಳತೆಗೆ ಕೆತ್ತುತ್ತಿದ್ದರು. ಗಾರೆಗೆ ಬೇಕಾದ ಸುಣ್ಣವೂ ಕಡಲಿನದೇ: ಸಿಂಪಿ ಚಿಪ್ಪುಗಳ ಗುಡ್ಡೆಗಳನ್ನು ತಂದು ಗೂಡುಗಳಲ್ಲಿ ಸುಟ್ಟು ಸುಣ್ಣ ಮಾಡಲಾಯಿತು. ಗೋಡೆಗಳು ಬುಡದಲ್ಲಿ 12 ಅಡಿಗೂ ಹೆಚ್ಚು ದಪ್ಪವಾಗಿದ್ದು, ಮೇಲೇರಿದಂತೆ ಕಿರಿದಾಗುತ್ತವೆ. ನೀವು ನೋಡಿದ ಮಾಸಿದ ಬೂದುಬಣ್ಣ ಅದರ ಅಸಲಿ ಬಣ್ಣವಲ್ಲ. ಸ್ಪೇನಿನವರ ಕಾಲದಲ್ಲಿ ಗೋಡೆಗಳಿಗೆ ಬಿಳಿ ಗಾರೆಯ ಲೇಪವಿತ್ತು, ಮೂಲೆಗಳ ಕಾವಲು ಗೂಡುಗಳಿಗೆ ಕೆಂಪು ಬಣ್ಣವಿತ್ತು. ದೂರದ ಹಡಗಿನಿಂದ ನೋಡಿದವನಿಗೆ ಅದು ಯಾರ ಕೋಟೆಯೆಂದು ಕೇಳಬೇಕಾಗಿರಲಿಲ್ಲ.

ಗುಂಡನ್ನು ನುಂಗುವ ಗುಣಕ್ಕೆ ಕಾರಣ ಆ ಕಲ್ಲಿನ ಒಳರಚನೆ. ಗ್ರಾನೈಟಿನಂಥ ಗಟ್ಟಿ ಕಲ್ಲಿಗೆ ಕಬ್ಬಿಣದ ಗುಂಡು ಬಡಿದಾಗ ಬಿರುಕು ಬಡಿದ ಜಾಗವನ್ನು ಬಿಟ್ಟು ದೂರಕ್ಕೆ ಓಡುತ್ತದೆ, ಚಕ್ಕೆಗಳು ಸಿಡಿಯುತ್ತವೆ. ಕೊಕಿನಾದಲ್ಲಿ ಚಿಪ್ಪುಗಳ ನಡುವೆ ಪೊಳ್ಳು ಜಾಗ ಬೇಕಾದಷ್ಟಿರುತ್ತದೆ ಮತ್ತು ಅವುಗಳನ್ನು ಹಿಡಿದಿರುವ ಬೆಸುಗೆ ದುರ್ಬಲವಾದದ್ದು. ಗುಂಡು ಬಡಿದ ಕಡೆ ಬೆಸುಗೆಗಳು ಮುರಿದು, ಚಿಪ್ಪುಗಳು ಪೊಳ್ಳಿನೊಳಕ್ಕೆ ಕುಸಿದು, ಗುಂಡಿನ ಶಕ್ತಿಯೆಲ್ಲ ಆ ಪುಡಿಯಾಗುವ ಕ್ರಿಯೆಯಲ್ಲಿಯೇ ಖರ್ಚಾಗುತ್ತದೆ. ಬಿರುಕು ಮುಂದಕ್ಕೆ ಹರಡುವುದಿಲ್ಲ. 2015ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಕೊಕಿನಾದ ತುಂಡುಗಳಿಗೆ ಉಕ್ಕಿನ ಗುಂಡುಗಳನ್ನು ಹೊಡೆದು ಪರೀಕ್ಷಿಸಿದಾಗಲೂ ಇದೇ ಕಂಡುಬಂತು. ಇದನ್ನು ತಿಳಿದೇ ಸ್ಪೇನಿನವರು ಈ ಕಲ್ಲನ್ನು ಆರಿಸಿದರೇ ಎಂದರೆ, ಇಲ್ಲ. ಮರಳು ಮತ್ತು ಜೌಗಿನ ಆ ತೀರದಲ್ಲಿ ಕೈಗೆ ಸಿಗುತ್ತಿದ್ದ ಕಲ್ಲು ಅದೊಂದೇ. ಕಲ್ಲು ಹೇಗೆ ವರ್ತಿಸುತ್ತದೆಂಬುದು ಅವರಿಗೂ ತಿಳಿದದ್ದು ಗುಂಡುಗಳು ಬಂದು ಬಡಿದಾಗಲೇ.

ಕಲ್ಲಿನಷ್ಟೇ ಮುಖ್ಯವಾದದ್ದು ನಕ್ಷೆ. ಒಂದು ಚೌಕ, ನಾಲ್ಕು ಮೂಲೆಗಳಲ್ಲಿ ಬಾಣದ ಮೊನೆಯಂತೆ ಹೊರಚಾಚಿದ ನಾಲ್ಕು ಕೊತ್ತಳಗಳು: ಸಾನ್ ಪಾಬ್ಲೊ, ಸಾನ್ ಪೆದ್ರೊ, ಸಾನ್ ಆಗುಸ್ತೀನ್, ಸಾನ್ ಕಾರ್ಲೋಸ್. ಒಂದು ಕೊತ್ತಳದ ಮೇಲೆ ನಿಂತವನಿಗೆ ಪಕ್ಕದ ಕೊತ್ತಳದ ಗೋಡೆಯ ಬುಡ ಪೂರ್ತಿಯಾಗಿ ಕಾಣುತ್ತದೆ; ಆದ್ದರಿಂದ ಏಣಿ ಹಾಕಲು ಬಂದ ಶತ್ರುವಿಗೆ ಅಡಗಲು ಒಂದು ಮೂಲೆಯೂ ಸಿಗುವುದಿಲ್ಲ. ಹೊರಗೆ ಕಂದಕ, ಅದರಾಚೆ ಇಳಿಜಾರಾಗಿ ಏರಿಸಿದ ಮಣ್ಣಿನ ದಿಣ್ಣೆ, ಹೆಬ್ಬಾಗಿಲ ಮುಂದೆ ತ್ರಿಕೋನಾಕಾರದ ಹೊರಕಾವಲು, ಎತ್ತುಸೇತುವೆ. ಫಿರಂಗಿ ಬಂದ ಮೇಲೆ ಯುರೋಪಿನಲ್ಲಿ ಬೆಳೆದ ಈ ಪದ್ಧತಿಯ ಕೋಟೆಯನ್ನು ಕರ್ನಾಟಕದಲ್ಲಿಯೇ ನೋಡಬೇಕೆಂದರೆ ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ. ಅದಕ್ಕೆ ಎಂಟು ಮೊನೆಗಳಿದ್ದರೂ ಹಿಂದಿನ ಲೆಕ್ಕಾಚಾರ ಒಂದೇ.

ಇದನ್ನು ಕಟ್ಟಿದವರು ಯಾರು ಎಂಬ ನಿಮ್ಮ ಪ್ರಶ್ನೆ ನನಗೆ ಉಳಿದೆಲ್ಲದಕ್ಕಿಂತ ಮುಖ್ಯವೆನಿಸುತ್ತದೆ. ಎಂಜಿನಿಯರನ ಹೆಸರು, ಗವರ್ನರರ ಹೆಸರುಗಳು ಬರಹದಲ್ಲಿ ಉಳಿದಿವೆ. ಕಲ್ಲು ಕಡಿದು ಹೊತ್ತವರಲ್ಲಿ ಹೆಚ್ಚಿನವರು ಗ್ವಾಲೆ, ತಿಮುಕುವಾ ಮತ್ತು ಅಪಲಾಚೆ ಎಂಬ ಮೂಲನಿವಾಸಿ ಜನಾಂಗಗಳವರು. ಫ್ರಾನ್ಸಿಸ್ಕನ್ ಪಾದ್ರಿಗಳ ಮಿಷನ್‌ಗಳಿದ್ದ ಹಳ್ಳಿಗಳಿಂದ ಸರದಿಯಂತೆ ಇಂತಿಷ್ಟು ಗಂಡಾಳುಗಳನ್ನು ಕಳುಹಿಸಬೇಕೆಂಬ ನಿಯಮವಿತ್ತು; ಅಪಲಾಚೆಯವರು ಇಂದಿನ ಟ್ಯಾಲಹಾಸಿ ಪಟ್ಟಣದ ಸುತ್ತಲಿನವರಾದ್ದರಿಂದ ಸುಮಾರು 200 ಮೈಲಿ ನಡೆದು ಬರಬೇಕಿತ್ತು. ದಿನಕ್ಕೆ ಒಂದು ರಿಯಾಲ್ ಕೂಲಿ ಮತ್ತು ಮೆಕ್ಕೆಜೋಳದ ಪಡಿ ಎಂದು ಗೊತ್ತುಮಾಡಲಾಗಿತ್ತು, ಎಂಟು ರಿಯಾಲಿಗೆ ಒಂದು ಪೆಸೊ. ಕೂಲಿಯಿತ್ತು ಎಂಬ ಮಾತ್ರಕ್ಕೆ ಇದನ್ನು ಇಷ್ಟಪಟ್ಟು ಮಾಡಿದ ದುಡಿಮೆ ಎನ್ನಲಾಗದು. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ, ಹೊಲಗಳು ಬಿತ್ತನೆಯ ಕಾಲದಲ್ಲಿ ಪಾಳುಬೀಳುತ್ತಿದ್ದವು, ಯುರೋಪಿನಿಂದ ಬಂದ ರೋಗಗಳು ಆ ಹಳ್ಳಿಗಳನ್ನು ಮೊದಲೇ ತೆಳ್ಳಗೆ ಮಾಡಿದ್ದವು. ಇವರ ಜೊತೆಗೆ ಕೈದಿಗಳು, ಗುಲಾಮರಾಗಿದ್ದ ಆಫ್ರಿಕನ್ನರು, ಸಂಬಳದ ಕುಟಿಗರು ಮತ್ತು ಸೈನಿಕರೂ ಇದ್ದರು.

ಈ ಕೆಲಸಗಾರರ ನಡುವೆ ಒಬ್ಬ ವಿಚಿತ್ರ ಮನುಷ್ಯನೂ ಸೇರಿಕೊಂಡನು. ಆಂಡ್ರ್ಯೂ ರ್‍ಯಾನ್ಸನ್ ಎಂಬ ಇಂಗ್ಲಿಷ್ ಕಡಲುಗಳ್ಳನು 1684ರಲ್ಲಿ ಸೆರೆಸಿಕ್ಕು, ಕತ್ತು ಬಿಗಿದು ಕೊಲ್ಲುವ ಶಿಕ್ಷೆಗೆ ಗುರಿಯಾದನು. ಶಿಕ್ಷೆ ನಡೆಯುತ್ತಿರುವಾಗ ಹಗ್ಗ ತುಂಡಾಯಿತು. ನೋಡುತ್ತಿದ್ದ ಪಾದ್ರಿಗಳು ಅದನ್ನು ದೇವರ ಪವಾಡವೆಂದು ಸಾರಿ ಅವನನ್ನು ಮಠದೊಳಕ್ಕೆ ಹೊತ್ತೊಯ್ದರು; ಗವರ್ನರ್ ಹುವಾನ್ ಮಾರ್ಕೆಸ್ ಕಬ್ರೆರಾ ಕೇಳಿದರೂ ಒಪ್ಪಿಸಲಿಲ್ಲ. ಕೊನೆಗೆ ಅವನಿಗೆ ಬಡಗಿ ಕೆಲಸವೂ ಯಂತ್ರಗಳ ತಿಳಿವಳಿಕೆಯೂ ಇದೆಯೆಂದು ಗೊತ್ತಾಗಿ, ಕೋಟೆಯ ಕೆಲಸದಲ್ಲಿ ನೆರವಾಗುವ ಒಪ್ಪಂದದ ಮೇಲೆ ಅವನ ಜೀವ ಉಳಿಯಿತು. ಕೋಟೆಯ ಕೆಲಸಕ್ಕೆ ನುರಿತ ಕೈಗಳ ಬರ ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೋಟೆ ಮುಗಿದು ಏಳೇ ವರ್ಷಕ್ಕೆ ಮೊದಲ ಪರೀಕ್ಷೆ ಬಂತು. ಯುರೋಪಿನಲ್ಲಿ ಸ್ಪೇನಿನ ಸಿಂಹಾಸನಕ್ಕಾಗಿ ಯುದ್ಧ ಹೊತ್ತಿಕೊಂಡಾಗ ಕ್ಯಾರೊಲೈನಾದ ಗವರ್ನರ್ ಜೇಮ್ಸ್ ಮೂರ್ ತನ್ನ ದಂಡನ್ನೂ ಮೂಲನಿವಾಸಿ ಮಿತ್ರರನ್ನೂ ಕೂಡಿಸಿಕೊಂಡು 1702ರ ನವೆಂಬರ್ 10ರಂದು ಊರನ್ನು ಮುತ್ತಿದನು. ಗವರ್ನರ್ ಹೊಸೆ ದೆ ಸೂನಿಗಾ ಊರಿನ ಎಲ್ಲರನ್ನೂ ಕೋಟೆಯೊಳಕ್ಕೆ ಕರೆಸಿಕೊಂಡನು. ಸುಮಾರು 1,500 ಜನ. ಸುಮಾರು 300 ಸೈನಿಕರಿಗೆಂದು ಯೋಚಿಸಿದ ಅಂಗಳದಲ್ಲಿ ಹೆಂಗಸರು, ಮಕ್ಕಳು, ಮುದುಕರು, ಮಿಷನ್ ಹಳ್ಳಿಗಳಿಂದ ಓಡಿಬಂದವರು ಎಲ್ಲರೂ 50 ದಿನ ಹಗಲಿರುಳು ಇದ್ದರು ಎಂಬುದನ್ನು ಆ ಅಂಗಳದಲ್ಲಿ ನಿಂತು ಒಮ್ಮೆ ಊಹಿಸಿಕೊಳ್ಳಬೇಕು. ಒಣಗಿದ್ದ ಕಂದಕದೊಳಕ್ಕೆ ದನಗಳನ್ನು ಅಟ್ಟಿ ಕೂಡಿಹಾಕಿದ್ದು ಸೂನಿಗಾನ ಜಾಣತನ. ಹಾಗೆ ಮಾಂಸ ಕೈಯಳವಿನಲ್ಲಿತ್ತು; ನೀರಿಗೆ ಅಂಗಳದ ಬಾವಿಗಳಿದ್ದವು. ಶತ್ರುವಿಗೆ ಮರೆ ಸಿಗಬಾರದೆಂದು ಕೋಟೆಗೆ ಹತ್ತಿರವಿದ್ದ ತನ್ನವರ ಮನೆಗಳನ್ನೇ ಅವನು ಸುಡಿಸಿದನು.

ಮೂರ್ ತಂದಿದ್ದ ಫಿರಂಗಿಗಳು ಸಣ್ಣವು. ಅವುಗಳಿಂದ ಗೋಡೆಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಇದು ಕೊಕಿನಾದ ಗುಣವೂ ಹೌದು, ಮೂರ್‌ನ ಬಡತನವೂ ಹೌದು. ದೊಡ್ಡ ಫಿರಂಗಿಗಳಿಗಾಗಿ, ಗೋಡೆಯ ಮೇಲಿನಿಂದ ಬಾಂಬು ಬೀಳಿಸುವ ಮಾರ್ಟರುಗಳಿಗಾಗಿ ಅವನು ಜಮೈಕಾಕ್ಕೆ ಆಳು ಕಳುಹಿಸಿ ಕಾದನು. ಸೂನಿಗಾ ಹವಾನಾಕ್ಕೆ ಪತ್ರ ಕಳುಹಿಸಿ ಕಾದನು. ಹೀಗೆ ಇಬ್ಬರೂ ಒಂದೇ ಕಡಲನ್ನು ನೋಡುತ್ತಾ ಕುಳಿತಿದ್ದ ಮುತ್ತಿಗೆಯಿದು. ಡಿಸೆಂಬರ್ ಕೊನೆಯ ವಾರ ದಿಗಂತದಲ್ಲಿ ಕಾಣಿಸಿದ್ದು ಹವಾನಾದ ಹಡಗುಗಳು. ಅಳಿವೆಯಲ್ಲಿ ಸಿಕ್ಕಿಬಿದ್ದ ತನ್ನ ಹಡಗುಗಳಿಗೆ ಮೂರ್ ತಾನೇ ಬೆಂಕಿಯಿಟ್ಟು ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹಿಮ್ಮೆಟ್ಟಿದನು. ಹೋಗುವಾಗ ಊರನ್ನು ಸುಟ್ಟನು. ಫ್ರಾನ್ಸಿಸ್ಕನ್ನರ ಮಠವೂ ಅದರ ಪುಸ್ತಕ ಭಂಡಾರವೂ ಬೂದಿಯಾದವು. ಕೋಟೆಯ ಬಾಗಿಲು ತೆರೆದು ಹೊರಬಂದವರಿಗೆ ಹೋಗಲು ಮನೆಗಳಿರಲಿಲ್ಲ. ಗೆಲುವೆಂದು ಬರೆಯುವಾಗ ಇದನ್ನೂ ಬರೆಯಬೇಕು.

ಅದಕ್ಕಿಂತ ದೊಡ್ಡ ನಷ್ಟ ಕೋಟೆಯ ಕಣ್ಣಿಗೆ ಕಾಣದಷ್ಟು ದೂರದಲ್ಲಿ ನಡೆಯಿತು. ಕೋಟೆಯನ್ನು ಹಿಡಿಯಲಾರದೆ ಹೋದ ಮೂರ್ 1704ರಲ್ಲಿ ಅಪಲಾಚೆ ಪ್ರಾಂತ್ಯದ ಮೇಲೆ ನುಗ್ಗಿ ಮಿಷನ್ ಹಳ್ಳಿಗಳನ್ನು ನಾಶಮಾಡಿದನು. ಅಲ್ಲಿಯ ಜನ ದೊಡ್ಡ ಸಂಖ್ಯೆಯಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟರು. ಕಲ್ಲು ಹೊತ್ತು ಕೋಟೆ ಕಟ್ಟಿದವರ ಊರುಗಳಿಗೆ ಯಾವ ಕಲ್ಲಿನ ಗೋಡೆಯೂ ಇರಲಿಲ್ಲ. ಆರು ದಶಕಗಳ ನಂತರ ಸ್ಪೇನಿನವರು ಊರು ಬಿಟ್ಟು ಕ್ಯೂಬಾಕ್ಕೆ ಹೊರಟಾಗ ಅವರೊಂದಿಗೆ ಹಡಗು ಹತ್ತಿದ ಮಿಷನ್ ಮೂಲನಿವಾಸಿಗಳು ನೂರು ಮಂದಿಯೂ ಇರಲಿಲ್ಲ. ಕೋಟೆ ಎಂದೂ ಸೋಲಲಿಲ್ಲ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಎರಡನೆಯ ಮುತ್ತಿಗೆಯ ಹಿನ್ನೆಲೆಯಲ್ಲಿ ಕ್ಯಾರೊಲೈನಾದ ಗುಲಾಮಗಿರಿಯಿದೆ. ಇಂಗ್ಲಿಷರ ತೋಟಗಳಿಂದ ತಪ್ಪಿಸಿಕೊಂಡು ಬಂದು ಕ್ಯಾಥೊಲಿಕ್ ಮತ ಸ್ವೀಕರಿಸುವ ಗುಲಾಮರಿಗೆ ಬಿಡುಗಡೆಯೆಂದು ಸ್ಪೇನಿನ ದೊರೆ 1693ರಲ್ಲಿ ಆಜ್ಞೆ ಹೊರಡಿಸಿದ್ದನು. ಕರುಣೆಗಿಂತ ಶತ್ರುವಿನ ಬಲ ಕುಂದಿಸುವ ಉದ್ದೇಶವೇ ಅದರಲ್ಲಿ ಹೆಚ್ಚಿತ್ತು. ಆದರೂ ಜೌಗುಗಳನ್ನು ದಾಟಿ ದಕ್ಷಿಣಕ್ಕೆ ಓಡಿಬಂದವರಿಗೆ ಅದು ನಿಜವಾದ ಬಾಗಿಲೇ ಆಗಿತ್ತು. 1738ರಲ್ಲಿ ಗವರ್ನರ್ ಮಾನುಯೆಲ್ ದೆ ಮೊಂತಿಯಾನೊ ಇವರಿಗಾಗಿ ಊರಿನ ಉತ್ತರಕ್ಕೆ ಎರಡು ಮೈಲಿ ದೂರದಲ್ಲಿ ಗ್ರಾಸಿಯಾ ರಿಯಾಲ್ ದೆ ಸಾಂತಾ ತೆರೆಸಾ ದೆ ಮೊಸೆ ಎಂಬ ಸಣ್ಣ ಕೋಟೆ-ಹಳ್ಳಿಯನ್ನು ಸ್ಥಾಪಿಸಿದನು. ಇಂದಿನ ಅಮೆರಿಕದ ನೆಲದಲ್ಲಿ ಸ್ವತಂತ್ರ ಕಪ್ಪು ಜನರಿಗೆಂದು ಕಾನೂನಿನ ಮಾನ್ಯತೆಯೊಂದಿಗೆ ನೆಲೆಗೊಂಡ ಮೊದಲ ಊರು ಇದು. ಅವರ ಪಡೆಯ ಮುಖ್ಯಸ್ಥ ಫ್ರಾನ್ಸಿಸ್ಕೊ ಮೆನೆಂದೆಸ್, ಆಫ್ರಿಕಾದಲ್ಲಿ ಹುಟ್ಟಿ ಕ್ಯಾರೊಲೈನಾದಲ್ಲಿ ಗುಲಾಮನಾಗಿದ್ದವನು.

ಅದೇ ಹೊತ್ತಿನಲ್ಲಿ ಕೋಟೆಯೊಳಗೂ ದೊಡ್ಡ ಬದಲಾವಣೆ ನಡೆಯುತ್ತಿತ್ತು. ಅಂಗಳದ ಸುತ್ತಲಿನ ಕೋಣೆಗಳಿಗೆ ಮೊದಲು ಮರದ ತೊಲೆಗಳ ಛಾವಣಿಯಿತ್ತು. ತೊಲೆಗಳು ಕೊಳೆಯುತ್ತಿದ್ದವು, ಮೇಲಿನಿಂದ ಬೀಳುವ ಬಾಂಬಿಗೆ ಅವು ತಡೆಯೇ ಅಲ್ಲ. ಎಂಜಿನಿಯರ್ ಪೆದ್ರೊ ರೂಯಿಸ್ ದೆ ಒಲಾನೊ ಪೂರ್ವದ ಸಾಲಿನ ಕೋಣೆಗಳಿಗೆ ಕಲ್ಲಿನ ಕಮಾನು ಛಾವಣಿ ಕಟ್ಟಿಸಿದನು. ಅದರಿಂದ ಕೆಳಗಿದ್ದವರಿಗೆ ರಕ್ಷಣೆ ಸಿಕ್ಕಿತು. ಮೇಲೆ ಗೋಡೆಯ ಉದ್ದಕ್ಕೂ ಭಾರದ ಫಿರಂಗಿಗಳನ್ನು ನಿಲ್ಲಿಸಲು ಅಟ್ಟಣೆ ಸಿಕ್ಕಿತು.

1740ರ ಬೇಸಿಗೆಯಲ್ಲಿ ಬ್ರಿಟಿಷರ ಜಾರ್ಜಿಯಾ ವಸಾಹತಿನ ಸ್ಥಾಪಕ ಜೇಮ್ಸ್ ಓಗಲ್‌ಥಾರ್ಪ್ ಬ್ರಿಟಿಷ್ ನೌಕಾದಳದ ಹಡಗುಗಳ ಸಹಿತ ಬಂದನು. ಅನಸ್ತಾಸಿಯಾ ದ್ವೀಪದಿಂದ, ಅಂದರೆ ಕೋಟೆಯ ಕಲ್ಲು ಬಂದ ದ್ವೀಪದಿಂದಲೇ, ಅವನ ಫಿರಂಗಿಗಳು 27 ದಿನ ಗುಂಡು ಹಾರಿಸಿದವು. ಗುಂಡುಗಳು ಗೋಡೆಯಲ್ಲಿ ನೆಟ್ಟುಕೊಂಡವು, ಗೋಡೆ ನಿಂತಿತು. ಆದರೆ ಕೊಲ್ಲಿಯ ಆಚೆಯಿಂದ ಬರುವಷ್ಟರಲ್ಲಿ ಗುಂಡಿನ ಬಿರುಸು ಕುಂದಿರುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂಗ್ಲಿಷರು ಹತ್ತಿರ ಬರದಂತೆ ನೋಡಿಕೊಂಡಿದ್ದೇ ಆ ಸಲದ ಮುಖ್ಯ ಸಾಧನೆ. ಮೊಸೆಯನ್ನು ಅವರು ಹಿಡಿದಿದ್ದರು. ಜೂನ್ 26ರ ನಸುಕಿನಲ್ಲಿ ಸ್ಪೇನಿನ ಸೈನಿಕರೂ ಯಮಾಸಿ ಮೂಲನಿವಾಸಿಗಳೂ ತಮ್ಮದೇ ಊರನ್ನು ಮರಳಿ ಪಡೆಯಲು ಹೊರಟ ಮೊಸೆಯ ಕಪ್ಪು ಪಡೆಯೂ ಒಟ್ಟಾಗಿ ಬಿದ್ದು, ಅಲ್ಲಿದ್ದವರಲ್ಲಿ ಸುಮಾರು 70 ಮಂದಿಯನ್ನು ಕೊಂದು ಉಳಿದವರನ್ನು ಸೆರೆಹಿಡಿದರು. ಉತ್ತರದ ದಾರಿಯಿಂದ ಕೋಟೆಯನ್ನು ಬಿಗಿಯುವ ಓಗಲ್‌ಥಾರ್ಪ್‌ನ ಯೋಜನೆ ಅಲ್ಲಿಗೆ ಮುರಿಯಿತು. ಹೀಗಿದ್ದೂ ಮೊಂತಿಯಾನೊ ಹವಾನಾಕ್ಕೆ ಬರೆದ ಪತ್ರದಲ್ಲಿ, ತನಗಿರುವ ಚಿಂತೆ ಆಹಾರದ್ದೊಂದೇ, ನೆರವು ಬರದಿದ್ದರೆ ಎಲ್ಲರೂ ಸಾಯುವುದು ಖಂಡಿತ ಎಂದು ತಿಳಿಸಿದ್ದನು. ಮುತ್ತಿಗೆಯ ನಡುವೆ ಸ್ವತಃ ಗವರ್ನರ್ ಬರೆದ ಈ ಮಾತಿನ ಮುಂದೆ ಕಲ್ಲಿನ ಮಹಿಮೆಯ ಕಥೆ ತನ್ನ ಅಳತೆಗೆ ಬಂದು ನಿಲ್ಲುತ್ತದೆ. ಸಾಮಾನು ಹೊತ್ತ ಹಡಗುಗಳು ದಕ್ಷಿಣದ ಅಳಿವೆಗಳ ಕಡೆಯಿಂದ ಬಂದುವೆಂಬ ಸುದ್ದಿ ಹಬ್ಬಿತು. ಬಿರುಗಾಳಿಯ ಕಾಲ ಹತ್ತಿರವಾಯಿತೆಂದು ಬ್ರಿಟಿಷ್ ಹಡಗುಗಳು ಹೊರಟುನಿಂತವು. ಜುಲೈ 20ಕ್ಕೆ ಮುತ್ತಿಗೆ ಮುಗಿಯಿತು. ತನ್ನನ್ನು ಉಳಿಸಿದ್ದು ಯಾವ ದಾರಿ ಎಂಬುದು ಮೊಂತಿಯಾನೊಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವನು ತಡಮಾಡದೆ ಮತಾನ್ಸಾಸ್ ಅಳಿವೆಯಲ್ಲಿ ಅದೇ ಚಿಪ್ಪುಗಲ್ಲಿನಿಂದ ಪುಟ್ಟ ಕಾವಲು ಕೋಟೆಯೊಂದನ್ನು ಕಟ್ಟಿಸಿದನು. 1742ರಲ್ಲಿ ಅದು ಮುಗಿಯಿತು. ಉಳಿದ ಮೂರು ಬದಿಗಳ ಕಮಾನುಗಳು ಮುಗಿದು, ಗೋಡೆ 33 ಅಡಿಗೆ ಏರಿ, ಕೋಟೆ ಈಗಿನ ಆಕಾರಕ್ಕೆ ಬಂದದ್ದು 1756ರಲ್ಲಿ. ಹೆಬ್ಬಾಗಿಲ ಮೇಲಿನ ಶಾಸನ ಆ ವರ್ಷದ್ದು.

ಇನ್ನು ಬಾವುಟಗಳ ಪ್ರಶ್ನೆ. ಪ್ರತಿ ಸಲವೂ ಕೋಟೆ ಕೈಬದಲಾದದ್ದು ಕಾಗದದ ಮೇಲೆ. 1762ರಲ್ಲಿ ಬ್ರಿಟಿಷರು ಹವಾನಾವನ್ನು ಹಿಡಿದರು. ಮರುವರ್ಷದ ಪ್ಯಾರಿಸ್ ಒಪ್ಪಂದದಲ್ಲಿ ಹವಾನಾವನ್ನು ಮರಳಿ ಪಡೆಯಲು ಸ್ಪೇನ್ ಫ್ಲೋರಿಡಾವನ್ನು ಬಿಟ್ಟುಕೊಟ್ಟಿತು. ಎರಡು ಮುತ್ತಿಗೆಗಳಲ್ಲಿ ಕೋಟೆಯನ್ನು ಉಳಿಸಿದ ಹವಾನಾ ಬಿದ್ದಾಗ ಕೋಟೆಯೂ ಹೋಯಿತು. ಮೊಸೆಯವರೂ ಸೇರಿದಂತೆ ಊರಿಗೆ ಊರೇ ಕ್ಯೂಬಾಕ್ಕೆ ವಲಸೆ ಹೋಯಿತು. ಬ್ರಿಟಿಷರು ಅದನ್ನು ಫೋರ್ಟ್ ಸೇಂಟ್ ಮಾರ್ಕ್ ಎಂದು ಕರೆದು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಸೆರೆಮನೆಯಾಗಿ ಬಳಸಿದರು. 1784ರಲ್ಲಿ ಒಪ್ಪಂದದಂತೆ ಮತ್ತೆ ಸ್ಪೇನ್ ಬಂತು. 1821ರಲ್ಲಿ ಇನ್ನೊಂದು ಒಪ್ಪಂದದಂತೆ ಅಮೆರಿಕ ಬಂದು, 1825ರಲ್ಲಿ ಫೋರ್ಟ್ ಮೇರಿಯನ್ ಎಂದು ಹೆಸರು ಬದಲಿಸಿತು. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ, 1861ರ ಜನವರಿಯಲ್ಲಿ, ಒಕ್ಕೂಟದಿಂದ ಸಿಡಿಯಲು ಹೊರಟ ಫ್ಲೋರಿಡಾದವರು ಬಂದಾಗ ಅಲ್ಲಿದ್ದವನು ಒಬ್ಬನೇ ಸಾರ್ಜೆಂಟ್. ಅವನು ರಸೀದಿ ಬರೆಸಿಕೊಂಡು ಬೀಗದಕೈ ಕೊಟ್ಟನು. ಮರುವರ್ಷ ಒಕ್ಕೂಟದ ಸೇನೆ ಅದನ್ನು ಕಾದಾಟವಿಲ್ಲದೆ ಮರಳಿ ಪಡೆಯಿತು.

ಅಮೆರಿಕದ ಕಾಲದ ಕೋಟೆಯ ಮುಖ್ಯ ಇತಿಹಾಸ ಸೆರೆಮನೆಯದು. 1837ರಲ್ಲಿ ಫ್ಲೋರಿಡಾದ ಸೆಮಿನೋಲ್ ಮೂಲನಿವಾಸಿಗಳ ನಾಯಕ ಆಸಿಯೋಲಾನನ್ನು ಮಾತುಕತೆಯ ಬಿಳಿ ಬಾವುಟದಡಿ ಬಂದಾಗಲೇ ಹಿಡಿದು ಇಲ್ಲಿ ಕೂಡಿಹಾಕಿದರು. ಅವನ ಜೊತೆಗಿದ್ದ ಕೊವಾಕೂಚಿ ಮತ್ತು ಇನ್ನೂ ಸುಮಾರು 20 ಮಂದಿ ನವೆಂಬರ್ ಕೊನೆಯ ಒಂದು ರಾತ್ರಿ ತಪ್ಪಿಸಿಕೊಂಡರು. ಆಸಿಯೋಲಾ ಹೋಗಲಿಲ್ಲ, ಮರುವರ್ಷ ಜನವರಿಯಲ್ಲಿ ಚಾರ್ಲ್ಸ್‌ಟನ್ ಬಳಿಯ ಫೋರ್ಟ್ ಮೌಲ್ಟ್ರಿಯಲ್ಲಿ ಸೆರೆಯಾಳಾಗಿಯೇ ತೀರಿಕೊಂಡನು. 1875ರಿಂದ 1878ರವರೆಗೆ ಪಶ್ಚಿಮದ ಬಯಲುಸೀಮೆಯ ಶೆಯೆನ್, ಕಾಯೊವಾ, ಕೊಮಾಂಚೆ, ಅರಾಪಹೊ ಮೂಲನಿವಾಸಿ ಜನಾಂಗಗಳ 70ಕ್ಕೂ ಹೆಚ್ಚು ಮಂದಿ ಇಲ್ಲಿ ಸೆರೆಯಲ್ಲಿದ್ದರು. ಲೆಕ್ಕದ ಪುಸ್ತಕದ ಹಾಳೆಗಳ ಮೇಲೆ ಅವರಲ್ಲಿ ಕೆಲವರು ಬಣ್ಣದ ಪೆನ್ಸಿಲ್ಲುಗಳಿಂದ ತಮ್ಮ ಬೇಟೆ, ಕುಣಿತ, ರೈಲುಪಯಣ, ಕಡೆಗೆ ಇದೇ ಕೋಟೆಯ ಗೋಡೆಗಳನ್ನೂ ಚಿತ್ರಿಸಿದರು. ಇಂದು ಅವು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಅವರ ಉಸ್ತುವಾರಿಯಲ್ಲಿದ್ದ ರಿಚರ್ಡ್ ಪ್ರ್ಯಾಟ್ ಸಂಕೋಲೆ ಬಿಚ್ಚಿಸಿ ಓದುಬರಹ ಕಲಿಸಿದವನು. ಆದರೆ ಅವರ ಕೂದಲು, ಉಡುಪು, ನುಡಿಗಳನ್ನು ಬಿಡಿಸುವುದೇ ಉದ್ಧಾರವೆಂದು ನಂಬಿದವನೂ ಅವನೇ. ಇಲ್ಲಿಯ ಅನುಭವದ ಮೇಲೆ ಅವನು 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ತೆರೆದ ಕಾರ್ಲೈಲ್ ಶಾಲೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿಶಾಲೆಗಳ ವ್ಯವಸ್ಥೆಗೇ ಮಾದರಿಯಾಯಿತು. 1886ರಲ್ಲಿ ಅಪಾಚೆ ಎಂಬ ಮೂಲನಿವಾಸಿ ಜನಾಂಗದ ಸುಮಾರು 500 ಮಂದಿಯನ್ನು ಸೆರೆಯಾಳುಗಳಾಗಿ ತಂದು ತುಂಬಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 1900ರಲ್ಲಿ ಸೇನೆ ಕೋಟೆಯನ್ನು ಬಿಟ್ಟಿತು, 1924ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು, 1942ರಲ್ಲಿ ಸ್ಪೇನಿನವರು ಇಟ್ಟ ಹೆಸರನ್ನೇ ಅದಕ್ಕೆ ಮರಳಿಸಲಾಯಿತು.

ಇನ್ನೊಮ್ಮೆ ಹೋದಾಗ ಮೊದಲು ಸೇತುವೆ ದಾಟಿ ಅನಸ್ತಾಸಿಯಾ ದ್ವೀಪದ ರಾಜ್ಯ ಉದ್ಯಾನಕ್ಕೆ ಹೋಗಿ. ಸ್ಪೇನಿನವರು ಕಲ್ಲು ಕಡಿದ ಹಳೆಯ ಗುಂಡಿಗಳು ಅಲ್ಲಿವೆ, ಕಡಿತದ ಅಂಚುಗಳನ್ನು ಗುರುತಿಸಬಹುದು. ಅದನ್ನು ನೋಡಿ ಬಂದು ಕೋಟೆಯ ಗೋಡೆಯನ್ನು ನೋಡಿದರೆ ಮಕ್ಕಳಿಗೂ ಕೆಲಸದ ಗಾತ್ರ ಅರಿವಾಗುತ್ತದೆ. ಕೋಟೆಯಲ್ಲಿ ಪೂರ್ವ ಬದಿಯ ಕೋಣೆಗಳ ಕಮಾನುಗಳನ್ನು ಉಳಿದ ಬದಿಗಳವುಗಳೊಂದಿಗೆ ಹೋಲಿಸಿ ನೋಡಿ, 1738ರ ಕೆಲಸಕ್ಕೂ 1750ರ ದಶಕದ ಕೆಲಸಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಜಾಕ್ಸನ್‌ವಿಲ್‌ಗೆ ಮರಳುವ ದಾರಿಯಲ್ಲಿ, ಊರಿನ ಉತ್ತರಕ್ಕೆ, ಫೋರ್ಟ್ ಮೊಸೆಯ ಉದ್ಯಾನ ಸಿಗುತ್ತದೆ. ದೊಡ್ಡ ಕೋಟೆ ನೋಡಿ ದಣಿದವರು ಸಾಮಾನ್ಯವಾಗಿ ಅಲ್ಲಿ ಇಳಿಯುವುದಿಲ್ಲ, ನೀವು ಇಳಿಯಿರಿ. ಒಂದು ಕೋರಿಕೆಯೂ ಇದೆ: ಫೋಟೊಕ್ಕೆಂದು ಮಕ್ಕಳನ್ನು ಗೋಡೆಯ ಅಂಚಿನ ಮೇಲೆ ಕೂರಿಸಬೇಡಿ, ಗೋಡೆಯನ್ನು ಕೆರೆಯಲು ಬಿಡಬೇಡಿ. ಫಿರಂಗಿ ಗುಂಡನ್ನು ತಡೆದ ಅದೇ ದುರ್ಬಲ ಬೆಸುಗೆಯ ಕಾರಣದಿಂದ, ಗಾರೆಯ ಲೇಪ ಕಳೆದುಕೊಂಡ ಆ ಕಲ್ಲು ಈಗ ಮಳೆಗೂ ಉಪ್ಪಿಗೂ ಕೈಕಾಲುಗಳ ಉಜ್ಜುವಿಕೆಗೂ ಪುಡಿಯಾಗಿ ಉದುರುತ್ತಿದೆ.